ಆಷಾಢದಲ್ಲಿ ಮನೆ ನೋಡಬೇಕು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಸಂಸಾರದ ಸಕಲ ಸಂಕಟಗಳನ್ನೂ ಆರೇ ಪದಗಳಲ್ಲಿ ಅಡಕಮಾಡಿ ಹೇಳಿದರು. ಕಟ್ಟಿದ ಮನೆಯನ್ನು ಕೊಳ್ಳುವ ಸಂಕಟ ಅವರ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲವೆಂದು ತೋರುತ್ತದೆ; ಹುಟ್ಟಿದ್ದರೆ ಅದನ್ನೂ ಸೇರಿಸದೆ ಬಿಡುತ್ತಿರಲಿಲ್ಲ. ಮದುವೆ ಮಾಡುವವನ ಬೆನ್ನಿಗೆ ನೆಂಟರಿಷ್ಟರಿರುತ್ತಾರೆ. ಮನೆ ಕಟ್ಟುವವನ ಬಳಿ ಮೇಸ್ತ್ರಿಯಾದರೂ ಇರುತ್ತಾನೆ. ಕಟ್ಟಿದ ಮನೆಯನ್ನು ಕೊಳ್ಳಹೊರಟ ಸಂಬಳದ ಗೃಹಸ್ಥನಿಗೆ ಮಾತ್ರ ದಲ್ಲಾಳಿಯೊಬ್ಬನೇ ಬಂಧು.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಮಡದಿಯೂ ಮೈಸೂರಿನಲ್ಲಿ ಅಂಥದೊಂದು ಮನೆಯನ್ನು ನೋಡಿದೆವು. ಏಳು ವರ್ಷಗಳಲ್ಲಿ ನಾಲ್ಕು ಬಾಡಿಗೆಯ ಮನೆಗಳನ್ನು ಬದಲಾಯಿಸಿ, ಪುಸ್ತಕದ ಪೆಟ್ಟಿಗೆಗಳನ್ನು ಹೊತ್ತು ಬೇಸತ್ತಿದ್ದ ನಮಗೆ ಹೊರಬಡಾವಣೆಯ ಆ ಮನೆ ಮೊದಲ ನೋಟದಲ್ಲಿಯೇ ಹಿಡಿಸಿತು. ಮೂವತ್ತು ನಲವತ್ತು ಅಡಿಗಳ ನಿವೇಶನ. ಹೊಸದಾಗಿ ಬಳಿದ ತಿಳಿಹಳದಿಯ ಬಣ್ಣ. ಬಾಗಿಲ ಮುಂದೆ ಒಂದು ಸಂಪಗೆಯ ಗಿಡ. ನಾವು ನೋಡಿದ್ದು ಜ್ಯೇಷ್ಠಮಾಸದ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆಗೆ. ಬಿಸಿಲು ಎಳೆಯದಾಗಿತ್ತು, ಬೀದಿ ನಿಶ್ಶಬ್ದವಾಗಿತ್ತು. ತುಳಸಿಕಟ್ಟೆ ಎಲ್ಲಿರಬೇಕೆಂಬುದನ್ನು ನನ್ನಾಕೆ ಅಲ್ಲಿಯೇ ನಿಶ್ಚಯಿಸಿಬಿಟ್ಟಳು. ಬೆಲೆ ಕುದುರುವಷ್ಟರಲ್ಲಿ ಆಷಾಢ ಹಿಡಿಯಿತು. ಆಷಾಢದಲ್ಲಿ ಮನೆಯ ಮಾತು ಬೇಡವೆಂದು ಎರಡು ಕಡೆಯ ಹಿರಿಯರೂ ಹೇಳಿದ್ದರಿಂದ, ಶ್ರಾವಣದ ಮೊದಲ ಸೋಮವಾರ 2 ಲಕ್ಷ ರೂಪಾಯಿ ಮುಂಗಡ ಕೊಡುವುದೆಂದು ಗೊತ್ತಾಯಿತು.

ಹೀಗೆ ದೊರೆತ ಒಂದು ತಿಂಗಳ ಬಿಡುವಿನಲ್ಲಿ ಬೆಂಗಳೂರಿನಿಂದ ಅಣ್ಣನ, ಎಂದರೆ ನಮ್ಮ ದೊಡ್ಡಮ್ಮನ ಹಿರಿಯ ಮಗನ, ದೂರವಾಣಿ ಬಂದಿತು. “ಅಮ್ಮ ಆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಾರಿ ನಮ್ಮ ಜೊತೆಗೆ ಬಾ ಎಂದರೆ ಕೇಳುವುದಿಲ್ಲ. ನಿನ್ನ ಮಾತೆಂದರೆ ಅವಳಿಗೆ ಬೆಲೆ. ಒಮ್ಮೆ ಹೋಗಿ ಹೇಳಿ ಬಾರಪ್ಪ” ಎಂದನು. ಒಂದು ಮನೆಯನ್ನು ಕೊಳ್ಳುವ ಉತ್ಸಾಹದಲ್ಲಿದ್ದ ನಾನು ಇನ್ನೊಂದು ಮನೆಯನ್ನು ಮಾರಿಸುವ ರಾಯಭಾರಕ್ಕೆ ಒಪ್ಪಿಕೊಂಡು ಮಲೆನಾಡಿಗೆ ಹೊರಟೆನು.

ಮೈಸೂರಿನಿಂದ ಶಿವಮೊಗ್ಗಕ್ಕೆ ರೈಲು. ಅಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು ಬಸ್ಸಿನ ದಾರಿ. ಗಾಜನೂರು ದಾಟಿದೊಡನೆ ಬಯಲು ಹಿಂದುಳಿದು ಕಾಡು ಎದುರುಗೊಳ್ಳುತ್ತದೆ. ದಾರಿಯಲ್ಲಿ ಸಿಕ್ಕುವ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡುಕಟ್ಟುವ ನೋಟ ಪ್ರಸಿದ್ಧವಾದುದು. ಅವು ಬಂದು ಮನೆಹೂಡುವುದು ಬೇಸಗೆಯಲ್ಲಲ್ಲ, ಮಳೆಗಾಲದಲ್ಲಿ. ಹೊಳೆ ತುಂಬಿ ಹರಿಯುತ್ತಿರುವಾಗಲೇ ಕೊಂಬೆಯನ್ನು ಆರಿಸಿಕೊಳ್ಳುವ ಹಕ್ಕಿಗೆ ನೀರು ಎಲ್ಲಿಯವರೆಗೆ ಏರುತ್ತದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಗಾಜಿನ ಮೇಲಿನ ಮಂಜನ್ನು ಒರೆಸಿ ನಾನೂ ಅವುಗಳನ್ನು ನೋಡಿದೆನು. ಅಂದು ನನ್ನ ಮನಸ್ಸಿಗೆ ತೋರಿದ್ದು ನೋಟದ ಚೆಲುವು ಮಾತ್ರ. ಅದರ ವಿವೇಕ ಹೊಳೆದದ್ದು ಮರಳಿ ಬರುವಾಗ.

ದೊಡ್ಡಮ್ಮನ ಮನೆ ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ ಇಳಿದು, ತೋಟದ ಅಂಚಿನಲ್ಲಿ ಮೂರು ಕಿಲೋಮೀಟರು ನಡೆದರೆ ಸಿಕ್ಕುತ್ತದೆ. ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,600 ಮಿಲಿಮೀಟರು ಮಳೆ ಬೀಳುತ್ತದೆ. ನಮ್ಮ ಮೈಸೂರಿನಲ್ಲಿ ಬೀಳುವುದು ಸುಮಾರು 800. ಅಂಕಿಗಳನ್ನು ಓದುವುದು ಬೇರೆ, ಕೊಡೆಯ ಕಡ್ಡಿಗಳು ಒಂದೊಂದಾಗಿ ತಿರುಗಿಕೊಳ್ಳುತ್ತಿರುವಾಗ ಅವುಗಳ ಅರ್ಥವನ್ನು ಅನುಭವಿಸುವುದು ಬೇರೆ. ಬಾಗಿಲಿಗೆ ಬಂದ ದೊಡ್ಡಮ್ಮ ನನ್ನ ಸ್ಥಿತಿಯನ್ನು ನೋಡಿ, “ಈ ಮಳೇಲಿ ಯಾಕೆ ಬಂದ್ಯೋ ಮಾರಾಯ! ಮೊದ್ಲು ಬಚ್ಚಲಿಗೆ ಹೋಗು, ಹಂಡೇಲಿ ನೀರು ಕಾದಿದೆ” ಎಂದಳು.

ತೊಟ್ಟಿಯ ಮನೆಯನ್ನು ನೋಡದ ಪಟ್ಟಣದ ವಾಚಕರಿಗಾಗಿ ಒಂದೆರಡು ಮಾತು ಹೇಳಬೇಕು. ನಡುವೆ ಆಕಾಶಕ್ಕೆ ತೆರೆದ ಚೌಕದ ಅಂಗಳ, ಅದೇ ತೊಟ್ಟಿ. ಅದರ ಸುತ್ತಲೂ ಮರದ ಕಂಬಗಳು ಹೊತ್ತ ಜಗಲಿ. ಜಗಲಿಯ ಹಿಂದೆ ಕೋಣೆಗಳು, ಅಡಿಗೆಮನೆ, ಅದಕ್ಕೆ ಹೊಂದಿದಂತೆ ಬಚ್ಚಲುಮನೆ, ಮೇಲೆ ಅಟ್ಟ. ನಾಲ್ಕು ಕಡೆಯ ಮಾಡೂ ಒಳಕ್ಕೆ ಇಳಿದಿರುವುದರಿಂದ ಮಳೆ ಬರುವಾಗ ತೊಟ್ಟಿಯ ನಾಲ್ಕು ಬದಿಗೂ ನೀರಿನ ತೆರೆ ಇಳಿಬಿಟ್ಟಂತಾಗುತ್ತದೆ. ಬಿದ್ದ ನೀರು ಅಂಗಳದ ಒಂದು ಮೂಲೆಗೆ ಸರಿದು, ಕಲ್ಲಿನ ಚರಂಡಿಯಲ್ಲಿ ಹೊರಗೆ ಹರಿದು ತೋಟವನ್ನು ಸೇರುತ್ತದೆ. ಹೊರಗೋಡೆಗಳಿಗೆ ಎರಚಲು ಬಡಿಯದಂತೆ ಅಡಕೆಯ ಸೋಗೆಯ ತಟ್ಟಿಗಳನ್ನು ಕಟ್ಟಿರುತ್ತಾರೆ. ಹಗಲಲ್ಲೂ ಒಳಗೆ ಮಬ್ಬು; ಬೆಳಕು ಬರುವುದೆಲ್ಲ ನಡುವಿನ ತೊಟ್ಟಿಯಿಂದಲೇ.

ರಾತ್ರಿ ಊಟವಾದ ಮೇಲೆ ನನ್ನ ರಾಯಭಾರವನ್ನು ಆರಂಭಿಸೋಣವೆಂದು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಟ್ಟದ ಮೇಲೆ ತಟಕ್ ತಟಕ್ ಎಂದು ಹನಿ ಬೀಳುವ ಸದ್ದು ಕೇಳಿಸಿತು. ಎಪ್ಪತ್ತನಾಲ್ಕು ವರ್ಷದ ದೊಡ್ಡಮ್ಮ ಬ್ಯಾಟರಿಯನ್ನೂ, ಹಳೆಯ ಸೀರೆಯ ಅಂಚಿನ ಚಿಂದಿಯೊಂದನ್ನೂ ಹಿಡಿದು ಏಣಿಯನ್ನು ಹತ್ತಿದಳು. ನಾನೂ ಹಿಂದೆಯೇ ಹತ್ತಿದೆನು. ಹೆಂಚಿನ ಯಾವ ಸಂದಿನಿಂದ ನೀರು ಇಳಿಯುತ್ತಿದೆಯೆಂಬುದನ್ನು ಬೆಳಕು ಹಾಯಿಸಿ ಕಂಡುಹಿಡಿದು, ಅದರ ಕೆಳಗಿನ ರೀಪಿಗೆ ಆ ಚಿಂದಿಯನ್ನು ನನ್ನ ಕೈಯಿಂದ ಕಟ್ಟಿಸಿ, ಕೆಳಗೊಂದು ಪಾತ್ರೆಯನ್ನು ಇಟ್ಟಳು. ಸುತ್ತಲೂ ನೋಡಿದರೆ ಅಂಥ ಚಿಂದಿಗಳು ಇನ್ನೂ ಆರು ತೂಗಾಡುತ್ತಿದ್ದವು.

“ಇದೇನು ದೊಡ್ಡಮ್ಮ, ಹರಕೆ ಕಟ್ಟಿದ ಹಾಗಿದೆ?” ಎಂದೆ.

“ಹರಕೆ ಅಲ್ಲ ಮಗ, ಲೆಕ್ಕ. ಮಳೆ ನಿಂತ್ಮೇಲೆ ಹೆಂಚಿನವನು ಬಂದು ಎಲ್ಲಿ ಸೋರ್ತದೆ ಅಂತ ಕೇಳ್ತಾನೆ. ಒಣಗಿದ ಹೆಂಚು ಎಲ್ಲಾ ಒಂದೇ ಥರ ಕಾಣ್ತದೆ. ಸೋರುವಾಗಲೇ ಗುರುತು ಹಾಕ್ಬೇಕು, ಒಣಗಿದಾಗ ಸರಿಮಾಡಿಸ್ಬೇಕು. ಸರಿಯಾದ ಮೇಲೆ ಚಿಂದಿ ಬಿಚ್ಚೋದು.”

ಕೆಳಗಿಳಿದ ಮೇಲೆ ಒಂದು ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟಳು. ಶಾಲೆಯ ಮಕ್ಕಳ ನೋಟುಪುಸ್ತಕ. ರಟ್ಟಿನ ಮೇಲೆ ‘ಮನೆ’ ಎಂದಷ್ಟೇ ಬರೆದಿತ್ತು. ಯಾವ ವರ್ಷ ಎಷ್ಟು ಹೆಂಚು ಒಡೆಯಿತು, ಯಾವ ತೊಲೆಗೆ ಗೆದ್ದಲು ಹತ್ತಿತು, ಬಾವಿಯ ಹೂಳನ್ನು ಎಂದು ತೆಗೆಸಿತು, ಬಚ್ಚಲಿನ ಒಲೆಯನ್ನು ಎಂದು ಕಟ್ಟಿಸಿತು, ಕೂಲಿ ಎಷ್ಟಾಯಿತು — ಎಲ್ಲವೂ ದುಂಡನೆಯ ಅಕ್ಷರಗಳಲ್ಲಿ ದಾಖಲಾಗಿತ್ತು. ನಮ್ಮ ಕಾಲೇಜಿನ ದಫ್ತರುಗಳಲ್ಲಿಯೂ ಅಷ್ಟು ಕ್ರಮವನ್ನು ನಾನು ಕಂಡಿರಲಿಲ್ಲ. ಪ್ರತಿ ವರ್ಷವೂ ಬೇಸಗೆಯಲ್ಲಿ ಹೆಂಚು ಕೈಯಾಡಿಸುವುದು, ಮಳೆಗೆ ಮುಂಚೆ ಚರಂಡಿ ಬಿಡಿಸುವುದು, ಸೌದೆ ಒಟ್ಟುವುದು, ಹಪ್ಪಳ ಸಂಡಿಗೆ ಉಪ್ಪಿನಕಾಯಿಗಳನ್ನು ತುಂಬಿಡುವುದು, ಇವೆಲ್ಲಕ್ಕೂ ಒಂದೊಂದು ತಿಂಗಳು ಗೊತ್ತಾಗಿತ್ತು. ಅಡಕೆ ಮಾರಿದ ಹಣ ಬಂದೊಡನೆ ಮನೆಯ ಪಾಲನ್ನು ಬೇರೆ ಎತ್ತಿಡುವ ಪದ್ಧತಿಯೂ ಇತ್ತು. “ಮನೇಲಿ ಇರೋವ್ರಿಗೆಲ್ಲ ಹೊಟ್ಟೆ ಇರೋ ಹಾಗೆ ಮನೆಗೂ ಒಂದು ಹೊಟ್ಟೆ ಇದೆ. ಅದಕ್ಕೆ ವರ್ಷಕ್ಕೊಂದ್ಸಲ ಊಟ ಹಾಕ್ಬೇಕು. ಹಾಕ್ದಿದ್ರೆ ಅದು ನಮ್ಮನ್ನ ತಿಂತದೆ” ಎಂದಳು.

ಮರುದಿನ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ನಾನು ಕುಪ್ಪಳಿಗೆ ಹೋಗಿಬಂದೆನು. 1904ರಲ್ಲಿ ಹುಟ್ಟಿದ ಕುವೆಂಪು ಅವರು ಬಾಲ್ಯವನ್ನು ಕಳೆದ ಆ ದೊಡ್ಡ ತೊಟ್ಟಿಯ ಮನೆ ಇಂದು ‘ಕವಿಮನೆ’ಯೆಂಬ ಹೆಸರಿನ ಸ್ಮಾರಕ. ಕಂಬಗಳು, ಜಗಲಿ, ಮನೆಬಳಕೆಯ ಪಾತ್ರೆ ಪದಾರ್ಥಗಳು ಎಲ್ಲವನ್ನೂ ಒಪ್ಪವಾಗಿ ಇರಿಸಿದ್ದಾರೆ. ನೋಡುವವರ ಸಾಲು ಮಳೆಯಲ್ಲೂ ಕಡಿಮೆಯಾಗಿರಲಿಲ್ಲ. ಆದರೆ ಮಲೆನಾಡಿನ ಮನೆಯೊಳಗೆ ಕಾಲಿಟ್ಟೊಡನೆ ಮೂಗಿಗೆ ತಟ್ಟುವ ಸೌದೆಯ ಹೊಗೆಯ ವಾಸನೆ ಅಲ್ಲಿ ಇರಲಿಲ್ಲ. ಒಲೆಯ ಹೊಗೆಯೇ ಅಟ್ಟದ ಮರಮುಟ್ಟನ್ನು ಹುಳುವಿನಿಂದ ಕಾಯುತ್ತದೆಂಬುದು ಹಳಬರ ಅನುಭವ. ಜನವಾಸವಿದ್ದರೆ ಮನೆ ತನ್ನನ್ನು ತಾನು ಅರ್ಧ ಕಾಪಾಡಿಕೊಳ್ಳುತ್ತದೆ. ಜನವಿಲ್ಲದ ಮನೆಯನ್ನು ಪೂರ್ತಿಯಾಗಿ ಬೇರೆಯವರು ಕಾಪಾಡಬೇಕು. ಆ ಮನೆಯಿಂದ ಹೊರಟ ಕವಿ ಮೈಸೂರಿನ ಒಂಟಿಕೊಪ್ಪಲಿನಲ್ಲಿ ‘ಉದಯರವಿ’ ಎಂಬ ಮನೆಯಲ್ಲಿ ಬಾಳಿದರು. ಹುಟ್ಟಿದೂರಿನ ಮನೆ ಒಂದು, ದುಡಿದ ಊರಿನ ಮನೆ ಒಂದು ಎಂಬುದು ಓದಿ ಪಟ್ಟಣ ಸೇರಿದವರೆಲ್ಲರ ಪಾಡು. ಕವಿಯ ಮನೆಯನ್ನು ನಾಡು ಕಾಯುತ್ತದೆ; ದೊಡ್ಡಮ್ಮನ ಮನೆಯನ್ನು ದೊಡ್ಡಮ್ಮನೇ ಕಾಯಬೇಕು.

ಸಂಜೆ ಜಗಲಿಯಲ್ಲಿ ಕುಳಿತು ಅಣ್ಣನ ಮಾತನ್ನು ಕೊನೆಗೂ ಹೇಳಿದೆ. ದೊಡ್ಡಮ್ಮನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಹಳೆಯ ಮರದ ಸಾಮಾನುಗಳ ವ್ಯಾಪಾರಿಯೊಬ್ಬನು ಬಂದು ಕಂಬಗಳಿಗೆ ಬೆಲೆ ಕಟ್ಟಿದ್ದನಂತೆ. “ಕಂಬ ಕೊಟ್ರೆ ಮಾಡು ಎಲ್ಲಿ ನಿಲ್ತದೆ? ಮಳೆಗಾಲ ಕಳೀಲಿ, ಬಾ ಅಂದೆ. ಎಷ್ಟು ಮಳೆಗಾಲ ಅಂತ ಹೇಳ್ಲಿಲ್ಲ” ಎಂದು ನಕ್ಕಳು. ಅನಂತರ ಗಂಭೀರವಾಗಿ ಹೇಳಿದಳು: ದೊಡ್ಡಪ್ಪ ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆ ಮುಗಿದ ತಿಂಗಳೊಳಗೆ ಪೌತಿ ಖಾತೆಗೆ ಅರ್ಜಿ ಕೊಟ್ಟು, ವಂಶವೃಕ್ಷ ಮಾಡಿಸಿ, ಗಂಡುಮಕ್ಕಳ ಜೊತೆಗೆ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಬರೆಸಿದ್ದಾಳೆ. ತನ್ನ ಪಾಲಿಗೆ ಉಯಿಲನ್ನು ಬರೆದು ನೋಂದಾಯಿಸಿದ್ದಾಳೆ. ಹಿಂಬದಿಯ ಮೂರು ಕೋಣೆಗಳನ್ನು ಮುಚ್ಚಿ, ತಾನು ಗುಡಿಸಬಲ್ಲಷ್ಟು ಜಾಗದಲ್ಲಿ ಮಾತ್ರ ವಾಸವಾಗಿದ್ದಾಳೆ. “ನನ್ನ ಕೈಲಿ ಏಣಿ ಹತ್ತಲಿಕ್ಕೆ ಆಗ್ದಿರೋ ವರ್ಷ ನಾನೇ ಫೋನ್ ಮಾಡ್ತೀನಿ ಅಂತ ಅವ್ನಿಗೆ ಹೇಳು. ಅಲ್ಲೀವರೆಗೆ ಯಾರೂ ಬಂದು ಹೇಳೋದು ಬೇಡ.”

ಇದಕ್ಕೆ ಮೇಲೆ ಹೇಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಮಾತನ್ನು ಬದಲಾಯಿಸಿ ನಾವು ಕೊಳ್ಳಲಿದ್ದ ಮನೆಯ ಸೊಗಸನ್ನು ವರ್ಣಿಸಿದೆನು. ಅವಳು ಕೇಳಿದ ಪ್ರಶ್ನೆಗಳು ಎರಡು: “ಯಾವಾಗ ನೋಡ್ದೆ? ಎಷ್ಟು ಸಲ ನೋಡ್ದೆ?”

“ಒಂದು ಭಾನುವಾರ ಬೆಳಿಗ್ಗೆ. ಆಮೇಲೆ ಇನ್ನೊಂದು ಭಾನುವಾರ.”

“ಎತ್ತು ತಗೊಳ್ಳೋವಾಗ ಹಲ್ಲು ನೋಡ್ತಾರೆ, ನಡೆಸಿ ನೋಡ್ತಾರೆ, ನೊಗ ಹೂಡಿ ನೋಡ್ತಾರೆ. ನೀನು ಓದಿದವನು, ಜೀವಮಾನದ ದುಡ್ಡು ಹಾಕಿ ಮನೇನ ಬಣ್ಣ ನೋಡಿ ತಗೊಳ್ತೀಯಲ್ಲೋ! ಆಷಾಢದಲ್ಲಿ ಮನೆ ಕೊಳ್ಬಾರ್ದು ಅಂದ್ರು, ಸರಿ. ನೋಡ್ಬಾರ್ದು ಅಂತ ಯಾರು ಹೇಳಿದ್ರು? ನೋಡೋದೇ ಆವಾಗ. ಮಳೇಲಿ ಹೋಗು, ರಾತ್ರಿ ಹೋಗು. ಬಚ್ಚಲಿನ ನೆಲದ ಮೇಲೆ ಒಂದು ಕೊಡ ನೀರು ಚೆಲ್ಲಿ, ಅದು ಎಲ್ಲಿಗೆ ಹೋಗ್ತದೆ ನೋಡು.”

ಮೈಸೂರಿಗೆ ಮರಳಿದ ಮೂರನೆಯ ದಿನ ಅದೃಷ್ಟವಶಾತ್ ಜಡಿಮಳೆ ಹಿಡಿಯಿತು. ನಾವಿಬ್ಬರೂ ಕೊಡೆ ಹಿಡಿದು, ಸಂಜೆ ಏಳು ಗಂಟೆಗೆ ಆ ಮನೆಗೆ ಹೋದೆವು. ಯಜಮಾನರಿಗೆ ನಮ್ಮ ಆಗಮನ ಅಷ್ಟು ರುಚಿಸಿದಂತೆ ಕಾಣಲಿಲ್ಲ. ಬೀದಿ ಮನೆಯ ಕಡೆಗೇ ಇಳಿದಿದ್ದುದರಿಂದ ನೀರು ಮೊದಲ ಮೆಟ್ಟಿಲನ್ನು ಮುಚ್ಚಿತ್ತು. ಎಲ್ಲ ಕೋಣೆಗಳ ಬಣ್ಣವೂ ಹೊಸದೆಂದು ನಾವು ಭಾವಿಸಿದ್ದೆವು. ಮಲಗುವ ಕೋಣೆಯ ಒಂದು ಗೋಡೆಗೆ ಮಾತ್ರ ಎರಡು ಪಟ್ಟು ಬಣ್ಣ ಬಿದ್ದಿತ್ತೆಂಬುದು ಅಂದು ತಿಳಿಯಿತು. ಆ ಬಣ್ಣದ ಒಳಗಿನಿಂದ ತೇವವು ಭೂಪಟದಂತೆ ಮೇಲೆದ್ದಿತ್ತು. ನನ್ನಾಕೆ ಸಂಕೋಚಪಡದೆ ಬಚ್ಚಲಿನಲ್ಲಿ ಒಂದು ಬಕೀಟು ನೀರನ್ನು ಚೆಲ್ಲಿದಳು. ಅದು ಗಂಡಿಯ ಕಡೆಗೆ ಹೋಗದೆ ಬಾಗಿಲಿನ ಕಡೆಗೆ ಹೊರಟಿತು. ಆ ಹೊತ್ತಿಗೆ ಬೀದಿಯೂ ಬೇರೆಯದೇ ಆಗಿತ್ತು. ಭಾನುವಾರ ಬಾಗಿಲು ಮುಚ್ಚಿದ್ದ ಎದುರಿನ ಶೆಡ್ಡಿನಲ್ಲಿ ತಗಡು ಕತ್ತರಿಸುವ ಯಂತ್ರವು ಕಿವಿಗಡಚಿಕ್ಕುವಂತೆ ಕೂಗುತ್ತಿತ್ತು. ನೀರು ಬಿಡುವುದು ಯಾವಾಗಲೆಂದು ನೆರೆಮನೆಯ ಮುದುಕಿಯನ್ನು ಕೇಳಿದಾಗ, “ದಿನ ಬಿಟ್ಟು ದಿನ, ಅದೂ ನಡುರಾತ್ರಿ” ಎಂಬ ಉತ್ತರ ದೊರೆಯಿತು.

ಇವೆಲ್ಲವನ್ನೂ ಹಣದಿಂದ ಸರಿಪಡಿಸಬಹುದಾಗಿತ್ತು. ಹಣದಿಂದ ಸರಿಹೋಗದ ಲೋಪವೊಂದು ಕಾಗದಪತ್ರಗಳಲ್ಲಿತ್ತು. ನಾನು ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನು ಪಡೆದು, ಅದು ನಿರ್ಮಲವಾಗಿದೆಯೆಂದು ಸಂತೋಷಪಟ್ಟಿದ್ದೆನು. ದೊಡ್ಡಮ್ಮನ ಪೌತಿ ಖಾತೆಯ ನೆನಪಿನಿಂದ ಮೂಲಪತ್ರವನ್ನು ಮತ್ತೆ ಓದಿದೆ. ಕ್ರಯಪತ್ರ ಇದ್ದುದು ಯಜಮಾನರ ತಂದೆಯ ಹೆಸರಿನಲ್ಲಿ. ತಂದೆ ಉಯಿಲು ಬರೆಯದೆ ತೀರಿಹೋಗಿದ್ದರು. ಖಾತೆ ಹೇಗೋ ಒಬ್ಬ ಮಗನ ಹೆಸರಿಗೆ ಬಂದಿತ್ತು. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಸಾವು ನೋಂದಣಿ ಕಚೇರಿಯ ವ್ಯವಹಾರವಲ್ಲವಾದುದರಿಂದ, ವಾರಸಿನಿಂದ ಬಂದ ಹಕ್ಕು ಅದರಲ್ಲಿ ಕಾಣಿಸುವುದಿಲ್ಲ. ಖಾತೆಯೂ ತೆರಿಗೆಯ ದಾಖಲೆಯೇ ಹೊರತು ಒಡೆತನದ ಪ್ರಮಾಣವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲಿಲ್ಲದೆ ತೀರಿಹೋದ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ವಂಶವೃಕ್ಷವನ್ನು ಕೇಳಿದೆವು. ಬೇರೆ ಊರಿನಲ್ಲಿ ಒಬ್ಬ ತಂಗಿ ಇರುವುದು ಹೊರಬಿದ್ದಿತು. “ಅವಳ ಸಹಿ ಯಾಕೆ? ಅವಳ ಮದುವೆಗೆ ಖರ್ಚು ಮಾಡಿದ್ದು ಸಾಲದೆ?” ಎಂದರು ಯಜಮಾನರು. ಅವಳ ಸಹಿಯಿಲ್ಲದೆ ಮುಂಗಡ ಕೊಡಲಾರೆವೆಂದೆವು. ಶ್ರಾವಣದ ಮೊದಲ ಸೋಮವಾರ ಆ ಮನೆಗೆ ಮುಂಗಡ ಕೊಟ್ಟವರು ಬೇರೆಯವರು.

ಅಂದು ನನ್ನಾಕೆ ಅಡಿಗೆಮನೆಯಲ್ಲಿ ಕುಳಿತು ಅತ್ತಳೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಳೆದುಕೊಂಡದ್ದು ಇಟ್ಟಿಗೆ ಗಾರೆಯ ಗೋಡೆಗಳನ್ನಲ್ಲ. ಮನಸ್ಸಿನಲ್ಲಿ ಆಗಲೇ ದೀಪ ಹಚ್ಚಿಟ್ಟಿದ್ದ ತುಳಸಿಕಟ್ಟೆಯನ್ನು. ನನಗೂ ದೊಡ್ಡಮ್ಮನ ಮೇಲೆ ಒಂದು ಕ್ಷಣ ಮುನಿಸು ಬಾರದೆ ಇರಲಿಲ್ಲ.

ಮುಂದೆ ಎಂಟು ತಿಂಗಳು ನಾವು ಮನೆಗಳನ್ನು ನೋಡಿದೆವು. ಆ ಅವಧಿಯಲ್ಲಿ ಕಲಿತ ನಾಲ್ಕಾರು ಪಾಠಗಳು ಬೇರೆಯ ಗೃಹಸ್ಥರಿಗೂ ಉಪಯೋಗವಾಗಬಹುದು. ಒಂದು ಮನೆಯನ್ನು ಕನಿಷ್ಠಪಕ್ಷ ಮೂರು ಹೊತ್ತು ನೋಡಬೇಕು: ಮಳೆಯಲ್ಲಿ, ನಡುಹಗಲಿನ ಬಿಸಿಲಿನಲ್ಲಿ, ವಾರದ ನಡುವಿನ ಒಂದು ರಾತ್ರಿ. ನಲ್ಲಿಯನ್ನು ತಿರುಗಿಸದೆ, ಬಚ್ಚಲಿಗೆ ನೀರು ಚೆಲ್ಲದೆ, ತಾರಸಿಯನ್ನು ಹತ್ತದೆ ಹಿಂದಿರುಗಬಾರದು. ಮನೆಯ ಯಜಮಾನನಿಗಿಂತ ನೆರೆಮನೆಯ ಹಿರಿಯರನ್ನು ಹೆಚ್ಚು ಮಾತಾಡಿಸಬೇಕು. ಮೂಲಪತ್ರ, ಋಣಭಾರ ಪತ್ರ, ಖಾತೆ, ತೆರಿಗೆಯ ರಸೀತಿ, ಮಂಜೂರಾದ ನಕ್ಷೆ, ಇವುಗಳ ಜೊತೆಗೆ ವಂಶವೃಕ್ಷವನ್ನೂ ಕೇಳಿ, ಎಲ್ಲವನ್ನೂ ನಮ್ಮ ಕಡೆಯ ವಕೀಲರಿಗೆ ತೋರಿಸಬೇಕು. ದಲ್ಲಾಳಿ ಕರೆತಂದ ವಕೀಲರು ದಲ್ಲಾಳಿಯ ವಕೀಲರೇ.

ಬಹುಮಹಡಿಯ ಕಟ್ಟಡದಲ್ಲಿ ಮನೆಯನ್ನು ಕೊಳ್ಳುವವರಿಗೆ 2016ರ ರೇರಾ ಕಾಯಿದೆಯ ಆಸರೆಯಿದೆ. ಕಾಯಿದೆಗೆ ಒಳಪಟ್ಟ ಯೋಜನೆಗಳಲ್ಲಿ, ಒಪ್ಪಂದ ಪತ್ರವನ್ನು ನೋಂದಾಯಿಸುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಕಟ್ಟುವವನು ಪಡೆಯುವಂತಿಲ್ಲ. ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಅವನೇ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಜಾಹಿರಾತಿನಲ್ಲಿ ಹೇಳುವ ಚದರಡಿಗಳಲ್ಲಿ ಮೆಟ್ಟಿಲು, ಮೊಗಸಾಲೆ, ಲಿಫ್ಟಿನ ಪಾಲೂ ಸೇರಿರುವುದುಂಟು. ನಾವು ಕೇಳಬೇಕಾದದ್ದು ಕಾರ್ಪೆಟ್ ವಿಸ್ತೀರ್ಣವನ್ನು, ಎಂದರೆ ಒಳಗೋಡೆಗಳನ್ನು ಸೇರಿಸಿ ಮನೆಯೊಳಗೆ ನಮ್ಮ ಬಳಕೆಗೆ ದೊರೆಯುವ ನೆಲವನ್ನು.

ಸಾಲದ ವಿಷಯದಲ್ಲಿ ಗಣಿತ ತಿಳಿಯದ ಕನ್ನಡದ ಮೇಷ್ಟರೂ ಒಂದು ಲೆಕ್ಕವನ್ನು ಮಾಡಿಯೇ ತೀರಬೇಕು. ನೂರಕ್ಕೆ 8.5ರ ಬಡ್ಡಿಯಂತೆ 1 ಲಕ್ಷ ರೂಪಾಯಿ ಸಾಲವನ್ನು 20 ವರ್ಷಗಳಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 868 ರೂಪಾಯಿ. ಒಟ್ಟು ಕೊಡುವುದು ಸುಮಾರು 2 ಲಕ್ಷ 8 ಸಾವಿರ. ಅದನ್ನೇ 15 ವರ್ಷಗಳಲ್ಲಿ ತೀರಿಸಿದರೆ ಕಂತು ಸುಮಾರು 985. ಒಟ್ಟು 1 ಲಕ್ಷ 77 ಸಾವಿರ. ತಿಂಗಳಿಗೆ 117 ರೂಪಾಯಿ ಹೆಚ್ಚು ಕೊಟ್ಟವನಿಗೆ ಪ್ರತಿ ಲಕ್ಷಕ್ಕೂ 31 ಸಾವಿರ ಉಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಸರಿಯೇ; ಹಾಸಿಗೆಯ ಅಳತೆಯನ್ನು ಬ್ಯಾಂಕಿನವರು ಹೇಳುವುದಕ್ಕೆ ಮೊದಲು ನಾವೇ ತೆಗೆದಿರಬೇಕು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಒಳಸೇರಿದ ಮೇಲಿನ ದುರಸ್ತಿ, ಇವೆಲ್ಲವೂ ಬೆಲೆಯ ಭಾಗವೆಂದೇ ತಿಳಿದು ಹಣವನ್ನು ಬೇರೆ ಎತ್ತಿಡಬೇಕು.

ಕೊನೆಗೆ ನಾವು ಕೊಂಡದ್ದು ಹಳೆಯ ಬಡಾವಣೆಯ ಚಿಕ್ಕ ಮನೆ. ವಯಸ್ಸು ಇಪ್ಪತ್ತೈದು ವರ್ಷ; ಬಣ್ಣ ಮಾಸಿದೆ; ಗೋಡೆ ಒಣಗಿದೆ. ಮಾರಿದವರು ಅಕ್ಕತಂಗಿಯರು ಮೂವರು, ಒಬ್ಬ ತಮ್ಮ. ನಾಲ್ವರೂ ಬಂದು ಸಹಿಮಾಡಿದರು. ಆ ತಮ್ಮ ಬೀಗದ ಕೈಗಳ ಜೊತೆಗೆ ಮನೆಯ ನೀರಿನ ಕೊಳವೆಗಳು ಎಲ್ಲೆಲ್ಲಿ ಹಾದುಹೋಗುತ್ತವೆಂಬ ಚಿತ್ರವನ್ನೂ ಕೊಟ್ಟನು. ಅದನ್ನು ನಮ್ಮ ‘ಮನೆ’ ಪುಸ್ತಕದ ಮೊದಲ ಹಾಳೆಗೆ ಅಂಟಿಸಿದ್ದೇವೆ. ದೊಡ್ಡಮ್ಮನ ಪದ್ಧತಿಯಂತೆ, ಸಂಬಳ ಬಂದೊಡನೆ ಮನೆಯ ಪಾಲನ್ನು ತೆಗೆದಿಡುತ್ತೇವೆ. ವರ್ಷಕ್ಕೆ ಮನೆಯ ಬೆಲೆಯ ನೂರಕ್ಕೆ ಒಂದರಷ್ಟು ಕೂಡಿದರೆ ಮನೆಯ ಹೊಟ್ಟೆ ತುಂಬುತ್ತದೆ.

ಮನೆಯನ್ನು ಜೋಡಿಸುವುದರಲ್ಲಿಯೂ ತೊಟ್ಟಿಯ ಮನೆಯೇ ನಮಗೆ ಗುರು. ಅಲ್ಲಿ ದಿನವೂ ಬೇಕಾದದ್ದು ಕೈಗೆಟಕುವ ಗೂಡಿನಲ್ಲಿರುತ್ತದೆ, ಭಾರವಾದದ್ದು ನೆಲದ ಮೇಲಿರುತ್ತದೆ, ವರ್ಷಕ್ಕೊಮ್ಮೆ ಬೇಕಾದದ್ದು ಅಟ್ಟವನ್ನು ಸೇರುತ್ತದೆ. ನನ್ನಾಕೆ ಇದೇ ಮೂರು ಎತ್ತರಗಳ ನಿಯಮದಂತೆ ಅಡಿಗೆಮನೆಯನ್ನು ಹೂಡಿದಳು. ಸೊಂಟದಿಂದ ಕಣ್ಣಿನ ಮಟ್ಟದವರೆಗೆ ನಿತ್ಯದ ಸಾಮಾನು. ಕೆಳಗೆ ಅಕ್ಕಿ, ಬೇಳೆಗಳ ಡಬ್ಬ. ಮೇಲೆ ಹಬ್ಬದ ಪಾತ್ರೆ. ವರ್ಷದಲ್ಲಿ ಒಮ್ಮೆಯೂ ಕೆಳಗಿಳಿಯದ ಸಾಮಾನು ಅಟ್ಟದಲ್ಲಿಯೂ ಇರಬೇಕಾಗಿಲ್ಲವೆಂದು ಅವಳು ಸೇರಿಸಿದ ನಿಯಮಕ್ಕೆ ನನ್ನ ಹಳೆಯ ಪತ್ರಿಕೆಗಳ ಕಟ್ಟು ಬಲಿಯಾಯಿತು.

ಮಳೆಯ ನೀರನ್ನೂ ವ್ಯರ್ಥವಾಗಿ ಹರಿಯಲು ಬಿಟ್ಟಿಲ್ಲ. ಒಂದು ಚದರ ಮೀಟರು ತಾರಸಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನೂರು ಚದರ ಮೀಟರಿನ ತಾರಸಿಗೆ ಮೈಸೂರಿನ 800 ಮಿಲಿಮೀಟರು ಮಳೆಯಲ್ಲಿ 80 ಸಾವಿರ ಲೀಟರು. ಆವಿಯಾದದ್ದು, ಚೆಲ್ಲಿದ್ದು ಕಳೆದು 60 ಸಾವಿರವೆನ್ನೋಣ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಸಂಸಾರಕ್ಕೆ ಅದು ನೂರು ದಿನಗಳಿಗೂ ಮೀರಿದ ನೀರು. ಅಷ್ಟನ್ನೂ ಒಮ್ಮೆಗೆ ತುಂಬಿಡುವ ತೊಟ್ಟಿ ನಮ್ಮಲ್ಲಿಲ್ಲ. ಹಿತ್ತಿಲ ಸಂಪು ತುಂಬಿದ ಮೇಲೆ ಮಿಕ್ಕದ್ದು ಇಂಗುಗುಂಡಿಗೆ ಇಳಿಯುತ್ತದೆ.

ಒಳಸೇರಿದ ಮೊದಲ ಆಷಾಢದಲ್ಲಿ ಒಂದು ರಾತ್ರಿ ಮಳೆ ಜೋರಾಯಿತು. ಮೆಟ್ಟಿಲ ಗೂಡಿನ ಮೂಲೆಯಲ್ಲಿ ತಟಕ್ ಎಂಬ ಸದ್ದು ಕೇಳಿಸಿದೊಡನೆ ನನ್ನ ಎದೆ ಹೊಡೆದುಕೊಂಡಿತು. ನನ್ನಾಕೆ ಮಾತ್ರ ಬ್ಯಾಟರಿಯೊಡನೆ ಹೋಗಿ, ತೇವವಾದ ಜಾಗದ ಅಂಚಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಅಂದಿನ ತಾರೀಖನ್ನು ಬರೆದು, ಕೆಳಗೆ ಬಕೀಟು ಇಟ್ಟು ಬಂದು ಮಲಗಿದಳು.

ಬೆಳಿಗ್ಗೆ ದೊಡ್ಡಮ್ಮನಿಗೆ ದೂರವಾಣಿ ಮಾಡಿ ವಿಷಯವನ್ನು ಹೇಳಿದೆ. ಆ ವರ್ಷವೂ ಅವಳು ಏಣಿಯನ್ನು ಹತ್ತಿದ್ದಳು.

“ಎಷ್ಟು ಕಡೆ ಸೋರ್ತು?” ಎಂದು ಕೇಳಿದಳು.

“ಒಂದೇ ಕಡೆ ದೊಡ್ಡಮ್ಮ.”

“ನಮ್ದು ಈ ಸಲ ಒಂಬತ್ತು. ನಿಂದು ಒಳ್ಳೇ ಮನೆ ಕಣೋ” ಎಂದಳು.